ಚಿಲ್ಲರೆ ಮಾವನವರ ಮೇಜಿನ ದೀಪ

ನನ್ನ ಮಾವನವರು ಬಸ್ ಕಂಡಕ್ಟರಾಗಿ ಇಡೀ ನೌಕರಿ ಮುಗಿಸಿದವರು. ಡಿಪೋದಲ್ಲಿ ಅವರಿಗೆ ‘ಚಿಲ್ಲರೆ’ ಎಂದೇ ಹೆಸರು. ಬೇರೆ ಕಂಡಕ್ಟರುಗಳು ಕೈಯಾಡಿಸಿ ಇಲ್ಲ ಅನ್ನುವ ಹೊತ್ತಿನಲ್ಲೂ ಇವರ ಚರ್ಮದ ಚೀಲದಲ್ಲಿ ಚಿಲ್ಲರೆ ಇರುತ್ತಿತ್ತು. ಆದರೆ ಅದರಲ್ಲಿ ಕೆಲವು ನಾಣ್ಯಗಳು ಯಾವ ಪ್ರಯಾಣಿಕರ ಕೈಗೂ ಹೋಗುತ್ತಿರಲಿಲ್ಲ. ಹಳೆಯದೋ, ಅಚ್ಚು ತಪ್ಪಿದ್ದೋ ಕಣ್ಣಿಗೆ ಬಿದ್ದರೆ ತಮ್ಮ ಜೇಬಿನದೊಂದನ್ನು ಚೀಲಕ್ಕೆ ಹಾಕಿ ಅದನ್ನು ಎತ್ತಿಟ್ಟುಕೊಳ್ಳುತ್ತಿದ್ದರು. ನಾನು ಸೊಸೆಯಾಗಿ ಈ ಮನೆಗೆ ಬಂದಾಗ ಬೀರುವಿನ ಅರ್ಧಕ್ಕರ್ಧ ನಾಣ್ಯಗಳದ್ದೇ ಆಗಿತ್ತು. ನನ್ನ ಬಟ್ಟೆಗೆಂದು ಬಿಟ್ಟುಕೊಟ್ಟದ್ದು ಒಂದೇ ಒಂದು ಖಾನೆ. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಈ ಹುಚ್ಚಿಗೆ ಅವರಿಗೊಬ್ಬರು ಜೊತೆಗಾರರಿದ್ದಾರೆ, ನಮ್ಮ ಬೀದಿಯ ಮೂಲೆಯ ಅಂಗಡಿಯ ದರ್ಜಿ. ಇಬ್ಬರದೂ ಹರೆಯದಿಂದ ಬಂದ ಗೆಳೆತನ. ಪ್ರತಿ ಭಾನುವಾರ ದರ್ಜಿ ಬಂದು ಕಿಟಕಿಯ ಪಕ್ಕದ ಮೇಜಿಗೆ ಕುರ್ಚಿ ಎಳೆದುಕೊಂಡರೆ ಮುಗಿಯಿತು, ಊಟಕ್ಕೆ ಎಬ್ಬಿಸಲು ನಾನು ಮೂರು ಸಲ ಕೂಗಬೇಕು. ಒಬ್ಬರ ನಾಣ್ಯವನ್ನು ಇನ್ನೊಬ್ಬರು ಹೀಯಾಳಿಸುವುದು, ಬೈದಾಡುವುದು, ನಗುವುದು. ನೌಕರಿ ಬಿಟ್ಟ ಮೇಲೆ ಮಾವನವರಿಗೆ ಮನೆಯ ಹೊರಗೆ ತಮ್ಮವರು ಅಂತ ಇದ್ದದ್ದು ಅವರೊಬ್ಬರೇ.

ನಾಣ್ಯದ ಹುಚ್ಚಿನವರಲ್ಲಿ ಒಂದು ಕಟ್ಟುನಿಟ್ಟು ಇದೆ. ಹಳೆಯ ನಾಣ್ಯ ಎಷ್ಟೇ ಕಪ್ಪಾಗಿರಲಿ, ಉಜ್ಜಬಾರದು. ಉಜ್ಜಿದರೆ ಅದರ ಮೈಯೆಲ್ಲ ಸಣ್ಣ ಗೀರು ಬಿದ್ದು ಶಾಶ್ವತವಾಗಿ ಕೆಟ್ಟಂತೆ. ಮದುವೆಯಾದ ಹೊಸದರಲ್ಲಿ ಅತ್ತೆ ಗಂಡನನ್ನು ಮೆಚ್ಚಿಸಲು ಹೋಗಿ ಒಂದು ಡಬ್ಬಿ ನಾಣ್ಯಗಳನ್ನು ಪಾತ್ರೆ ತಿಕ್ಕುವ ಪುಡಿ ಹಾಕಿ ಫಳಫಳ ಬೆಳಗಿಟ್ಟಿದ್ದರಂತೆ. ಅದನ್ನು ಅತ್ತೆ ಇಂದಿಗೂ ಹೇಳಿಕೊಂಡು ನಗುತ್ತಾರೆ, ಮಾವ ಇಂದಿಗೂ ನಗುವುದಿಲ್ಲ.

ಕಳೆದ ವರ್ಷ ನನ್ನ ಗಂಡ ತಮ್ಮ ಅಪ್ಪನಿಗೊಂದು ಡಿಜಿಟಲ್ ಸೂಕ್ಷ್ಮದರ್ಶಕ ತಂದುಕೊಟ್ಟರು. ದುಬಾರಿಯದೇನಲ್ಲ, ಗಿಡ್ಡ ಟಾರ್ಚಿನಂಥ ಒಂದು ಕೊಳವೆ, ಅದನ್ನು ಹಿಡಿದು ನಿಲ್ಲಿಸಲು ಅಲುಗಾಡುವ ಒಂದು ಸ್ಟ್ಯಾಂಡು. ವೈರನ್ನು ನನ್ನ ಹಳೆಯ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ನಾಣ್ಯ ಪರದೆಯ ಮೇಲೆ ತಟ್ಟೆಯಷ್ಟಾಗಿ ಕಾಣುತ್ತದೆ. ಅದೇ ವಾರ ದರ್ಜಿ ತಮ್ಮ ಬಳಿ ಇರುವುದರ ಜೊತೆ ಹೋಲಿಸಿ ನೋಡಲೆಂದು ಒಯ್ದಿದ್ದ ಮಾವನವರ ಹಕ್ಕಿಯ ನಾಣ್ಯವನ್ನು ವಾಪಸ್ಸು ತಂದುಕೊಟ್ಟಿದ್ದರು. ರೆಕ್ಕೆ ಬಿಚ್ಚಿದ ಹಕ್ಕಿಯಿರುವ ಆ ಬೆಳ್ಳಿ ನಾಣ್ಯವೆಂದರೆ ಮಾವನವರಿಗೆ ಮಗನಿಗಿಂತ ಒಂದು ತೂಕ ಹೆಚ್ಚೇ. ಮೊದಲು ಅದನ್ನೇ ಕೊಳವೆಯ ಕೆಳಗಿಟ್ಟರು. ನೋಡುತ್ತಾರೆ, ಹಕ್ಕಿಯ ಸುತ್ತಲಿನ ಬಯಲಿನಲ್ಲೆಲ್ಲ ಕೂದಲೆಳೆಯಂಥ ಗೆರೆಗಳು.

ಭಾನುವಾರ ದರ್ಜಿ ಬಂದು ಕೂತು ಚಹದ ಲೋಟ ಕೈಗೆ ತೆಗೆದುಕೊಂಡರೋ ಇಲ್ಲವೋ, ಮಾವ ಶುರು ಮಾಡಿದರು.

“ಹಕ್ಕಿನ ಉಜ್ಜಿದ್ದೀಯಾ?”

“ಏನು?”

“ಬಟ್ಟೆ ಹಾಕಿ ಒರೆಸಿದ್ದೀಯಾ ಅಂತ ಕೇಳ್ದೆ. ನೋಡಿಲ್ಲಿ, ಮೈತುಂಬಾ ಗೆರೆ.”

ದರ್ಜಿ ಪರದೆಯನ್ನು ನೋಡಲಿಲ್ಲ, ಮಾವನವರ ಮುಖ ನೋಡಿದರು. “ಪೊಟ್ಟಣದಿಂದ ತೆಗೆದೆ, ನೋಡಿದೆ, ಮತ್ತೆ ಅದರಲ್ಲೇ ಇಟ್ಟೆ. ಅಷ್ಟೇ ಕಣಯ್ಯಾ.”

“ಇಸ್ತ್ರಿಪೆಟ್ಟಿಗೇನೇ ಗಳಿಗೆಗೊಂದ್ಸಲ ಒರೆಸೋನು ನೀನು. ಕೈ ಸುಮ್ನಿರಲಿಲ್ಲ. ಹೌದು ಅಂದ್ಬಿಡು, ಮುಗೀತು.”

“ಮಾಡದೇ ಇದ್ದಿದ್ದನ್ನ ಹೌದು ಅಂತ ಹೇಗಯ್ಯಾ ಹೇಳಲಿ?”

“ಹಾಗಾದ್ರೆ ಗೆರೆ ಆಕಾಶದಿಂದ ಉದುರಿತಾ?”

ದರ್ಜಿ ಲೋಟವನ್ನು ಮೇಜಿನ ಮೇಲಿಟ್ಟು ಎದ್ದರು. ಚಪ್ಪಲಿ ಮೆಟ್ಟಿಕೊಳ್ಳುವಾಗ “ಬರ್ತೀನಮ್ಮಾ” ಎಂದು ನನಗೆ ಹೇಳಿದರೇ ಹೊರತು ಮಾವನವರತ್ತ ತಿರುಗಲಿಲ್ಲ. ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಮಾವನವರು ತಮಗೇನೂ ಆಗಿಲ್ಲ ಎಂಬಂತೆ ಪೇಪರ್ ಮುಖಕ್ಕೆ ಹಿಡಿದು ಕೂತಿರುತ್ತಿದ್ದರು, ಗೇಟು ಕಿರ್ರೆಂದರೆ ಮಾತ್ರ ಪೇಪರ್ ಕೆಳಗಿಳಿಯುತ್ತಿತ್ತು. ಅತ್ತೆ “ಹೋಗಿ ಕರ್ಕೊಂಡ್ಬನ್ನಿ” ಎಂದರೆ, “ತಪ್ಪು ಮಾಡಿದೋನು ಅವನು, ನಾನ್ಯಾಕೆ ಹೋಗ್ಲಿ” ಎಂದು ಮುಖ ಗಂಟಿಕ್ಕುತ್ತಿದ್ದರು.

ಹಿಡಿದ ಹಠ ಬಿಡುವ ಪೈಕಿ ಅಲ್ಲ ನಮ್ಮ ಮಾವ. ಎರಡು ಮಾತಿಲ್ಲದಂಥ ಒಂದು ಚಿತ್ರ ತೆಗೆದು ದರ್ಜಿಯ ಮುಂದೆ ಹಿಡಿಯಬೇಕು, ಅವರು ಬಾಯಿಮುಚ್ಚಿಕೊಂಡು ಒಪ್ಪಬೇಕು, ಆಮೇಲೆ ತಾವು ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು. ಇದು ಅವರ ಲೆಕ್ಕಾಚಾರ. ಆದರೆ ಆ ಅಗ್ಗದ ಯಂತ್ರದ ಬೆಳಕು ಇವರ ಮಾತು ಕೇಳಬೇಕಲ್ಲ! ಕೊಳವೆಯ ತುದಿಯಲ್ಲಿ ಮಸೂರದ ಸುತ್ತ ಬಳೆಯಂತೆ ಪುಟ್ಟ ಪುಟ್ಟ ದೀಪಗಳಿವೆ. ಅವು ನೆತ್ತಿಯ ಮೇಲಿಂದ ನೇರವಾಗಿ ಬೆಳಕು ಸುರಿಯುತ್ತವೆ. ಬೆಳ್ಳಿಯ ಮೇಲೆ ಒಂದೊಂದು ದೀಪವೂ ಒಂದೊಂದು ಬಿಳಿ ಚುಕ್ಕೆಯಾಗಿ ಕೂತು ಹಕ್ಕಿಗೆ ಸಿಡುಬು ಎದ್ದಂತೆ ಕಾಣುತ್ತಿತ್ತು. ವೈರಿನಲ್ಲಿದ್ದ ಗಾಲಿ ತಿರುಗಿಸಿ ಬೆಳಕು ಇಳಿಸಿದರೆ ಪರದೆಯೇ ಕತ್ತಲು.

ಮೊದಲು ದೀಪಗಳಿಗೆ ಟಿಶ್ಯೂ ಕಾಗದ ಸುತ್ತಿದರು. ಚುಕ್ಕೆ ಹೋಯಿತು, ಚಿತ್ರ ಹಾಲು ಚೆಲ್ಲಿದಂತಾಯಿತು. ಆಮೇಲೆ ನನ್ನ ಮಗಳ ಟೇಬಲ್ ಟೆನಿಸ್ ಚೆಂಡೊಂದನ್ನು ಅವಳನ್ನು ಕೇಳದೆಯೇ ಅರ್ಧಕ್ಕೆ ಕತ್ತರಿಸಿ, ನೆತ್ತಿಗೆ ತೂತು ಮಾಡಿ, ಕೊಳವೆಯ ತುದಿಗೆ ಟೋಪಿಯಂತೆ ತೊಡಿಸಿದರು. ಈ ಸಲ ಬೆಳಕು ಎಲ್ಲ ಕಡೆಯಿಂದ ಮೆತ್ತಗೆ ಬಂತು. ಹಕ್ಕಿಯ ಒಂದೊಂದು ಗರಿಯನ್ನೂ ಎಣಿಸಬಹುದಿತ್ತು. ನಾನಂತೂ ಮೆಚ್ಚಿದೆ. ಮಾವನವರ ಮುಖ ಮಾತ್ರ ಸಪ್ಪಗಾಯಿತು, ಏಕೆಂದರೆ ಆ ಮೆತ್ತನೆಯ ಬೆಳಕಿನಲ್ಲಿ ಗೆರೆಗಳೇ ಮಾಯವಾಗಿದ್ದವು.

“ಮದುವೆ ಫೋಟೋಗಾದ್ರೆ ಸರಿ ಇದು” ಎಂದು ಗೊಣಗಿದರು.

ನನ್ನ ಲ್ಯಾಪ್‌ಟಾಪ್ ನನಗೆ ವಾಪಸ್ಸು ಸಿಕ್ಕರೆ ಸಾಕಾಗಿತ್ತು. “ಮಾವ, ನೆಲದ ಮೇಲಿನ ಧೂಳು ಬಲ್ಬಿನ ಕೆಳಗೆ ಕಾಣಲ್ಲ. ಬೆಳಿಗ್ಗೆ ಬಾಗಿಲಿಂದ ಬಿಸಿಲು ಓರೆಯಾಗಿ ಬೀಳತ್ತಲ್ಲ, ಆವಾಗ ನೋಡಿ, ಗುಡಿಸೋರ ಮಾನ ಹೋಗತ್ತೆ” ಎಂದೆ.

ಅವರ ಕಿವಿ ನೆಟ್ಟಗಾಯಿತು. ಬಳೆದೀಪ ಪೂರ್ತಿ ಆರಿಸಿದರು. ಮಗಳ ಓದುವ ಮೇಜಿನ ದೀಪವನ್ನು ಹೊತ್ತು ತಂದು ನಾಣ್ಯದ ಆಚೆ ಬದಿಗಿಟ್ಟು, ಅದರ ಕತ್ತನ್ನು ಮೇಜಿಗೆ ಮುಟ್ಟುವಷ್ಟು ಬಗ್ಗಿಸಿದರು. ಒಂದೇ ಬದಿಯಿಂದ ಓರೆ ಬೆಳಕು. ಪರದೆಯ ತುಂಬ ಗೆರೆಗಳು ಕಾಣಿಸಿಕೊಂಡವು, ನೇಗಿಲು ಹೊಡೆದ ಹೊಲದಂತೆ ಒಂದೊಂದೂ ಆಳವಾಗಿ, ಸ್ಪಷ್ಟವಾಗಿ. ಗೀರುಗಳೇ, ಅನುಮಾನವೇ ಇಲ್ಲ.

“ಸಿಕ್ಕಿಬಿದ್ದ” ಎಂದರು ಮಾವ. ಆದರೆ ಆ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ಇಷ್ಟು ದಿನ ಒಳಗೊಳಗೇ ತಮ್ಮದೇ ತಪ್ಪಾಗಿರಲಿ ಎಂದು ಆಸೆಪಟ್ಟಿದ್ದರೋ ಏನೋ. ನನಗೆ ಪಾಪ ಅನ್ನಿಸಿತು.

ಪೂರ್ತಿ ಹಕ್ಕಿ ಕಾಣುವಂತೆ ಒಂದು ಚಿತ್ರವಿರಲಿ ಎಂದು ಅವರು ಕೊಳವೆಯನ್ನು ಮೇಲಕ್ಕೆತ್ತಿದರು. ಬಟ್ಟೆ ಮಡಚುತ್ತ ಆ ಕಡೆಯಿಂದ ಬಂದ ಅತ್ತೆ ಪರದೆಯ ಮುಂದೆ ನಿಂತರು.

“ಇದೇನ್ರೀ, ನಿಮ್ಮ ಹಕ್ಕಿ ಗುಂಡಿಗೆ ಬಿದ್ದಿದೆ?”

“ಯಾವ ಗುಂಡಿ?”

“ನೋಡಿ ಸರಿಯಾಗಿ. ಕೆಸರಲ್ಲಿ ಒತ್ತಿ ತೆಗೆದ ಹಾಗೆ ಒಳಗೆ ಹೋಗಿದೆಯಲ್ಲ.”

ಹೌದು, ಪರದೆಯ ಮೇಲಿನ ಹಕ್ಕಿ ಒಳಕ್ಕೆ ಕೊರೆದಂತೆ ಕಾಣುತ್ತಿತ್ತು. ಮಾವ ನಾಣ್ಯವನ್ನು ತೆಗೆದು ಬೆರಳ ತುದಿಯಲ್ಲಿ ಸವರಿ ನೋಡಿದರು. ಹಕ್ಕಿ ಎಂದಿನಂತೆ ಉಬ್ಬಿಯೇ ಇತ್ತು. ಮತ್ತೆ ಇಟ್ಟರು, ಮತ್ತೆ ಗುಂಡಿಗೆ ಬಿತ್ತು. ಆಗ ಕೊಳವೆಯನ್ನು ಮುಟ್ಟಿ ಮುಟ್ಟಿ ನೋಡಿ, ಅದನ್ನು ಸ್ಟ್ಯಾಂಡಿಗೆ ಹಿಂದುಮುಂದಾಗಿ ಸಿಕ್ಕಿಸಿರುವುದನ್ನು ಕಂಡುಕೊಂಡರು. ಚಿತ್ರ ತಲೆಕೆಳಗಾಗಿ ಬರುತ್ತಿತ್ತು. ಹಕ್ಕಿ ನೆಟ್ಟಗೆ ಕಾಣಲೆಂದು ಇವರು ನಾಣ್ಯವನ್ನೇ ತಿರುಗಿಸಿ ಇಟ್ಟಿದ್ದರು, ದೀಪವನ್ನು ಮಾತ್ರ ತಿರುಗಿಸಿರಲಿಲ್ಲ. ಹಾಗಾಗಿ ಪರದೆಯಲ್ಲಿ ಬೆಳಕು ಕೆಳಗಿನಿಂದ ಬರುತ್ತಿತ್ತು. ನಮ್ಮ ಕಣ್ಣೋ, ಬೆಳಕು ಯಾವತ್ತೂ ಮೇಲಿನಿಂದಲೇ ಬರುತ್ತದೆಂದು ನಂಬಿ ಕೂತಿರುತ್ತದೆ. ಅದಕ್ಕೇ ಉಬ್ಬು ತಗ್ಗಾಗಿ ಕಂಡಿತ್ತು.

ಉಬ್ಬಿರುವ ಹಕ್ಕಿ ತಗ್ಗಾಗಿ ಕಾಣುವುದಾದರೆ, ತಗ್ಗಾಗಿ ಕಂಡ ಗೆರೆಗಳು? ಮಾವ ದೀಪವನ್ನು ನಿಧಾನವಾಗಿ ಈಚೆ ಬದಿಗೆ ತಂದಿಟ್ಟರು. ಹಕ್ಕಿ ಗುಂಡಿಯಿಂದೆದ್ದು ಮೇಲೆ ಬಂತು. ಅದರೊಂದಿಗೆ ಗೆರೆಗಳೂ ಮೇಲೆ ಬಂದವು.

“ಉಜ್ಜಿದ್ರೆ ಬೆಳ್ಳಿ ಹೋಗತ್ತೆ, ಬೆಳೆಯಲ್ಲ” ಎಂದರು, ನನಗೋ ತಮಗೋ ತಿಳಿಯದ ಹಾಗೆ. “ಉಜ್ಜಿದ್ದು ನಾಣ್ಯಾನಲ್ಲ, ಅಚ್ಚನ್ನ. ಟಂಕಸಾಲೇಲಿ ಯಾರೋ ಅಚ್ಚನ್ನ ಉಜ್ಜಿದ್ದಾರೆ. ಅಚ್ಚಿನ ಗೀರೆಲ್ಲ ನಾಣ್ಯದ ಮೇಲೆ ಉಬ್ಬಾಗಿ ಬಂದಿದೆ. ಹಕ್ಕಿ ಮೇಲೆ ನೋಡು, ಒಂದೇ ಒಂದು ಗೆರೆ ಇಲ್ಲ. ಅಚ್ಚಲ್ಲಿ ಹಕ್ಕಿ ಗುಂಡಿಯೊಳಗಿರತ್ತೆ, ಉಜ್ಜಿದ್ದು ತಾಗಲ್ಲ. ಬಟ್ಟೇಲಿ ಒರೆಸಿದ್ರೆ ಮೊದಲು ತಾಗಬೇಕಾಗಿದ್ದು ಹಕ್ಕಿಗೇ.” ಅಷ್ಟು ಹೇಳಿ ಎದ್ದು ಅಂಗಿ ಹಾಕಿಕೊಂಡರು. ಗುಂಡಿಗಳನ್ನು ತಪ್ಪು ತೂತಿಗೆ ಹಾಕಿಕೊಂಡದ್ದನ್ನು ಅತ್ತೆ ಸರಿಮಾಡಿ ಕಳಿಸಿದರು. ಲ್ಯಾಪ್‌ಟಾಪ್ ಹಿಡಿದು ನಾನೂ ಹಿಂದೆಯೇ ಹೋದೆ.

ದರ್ಜಿ ಹೊಲಿಗೆಯಂತ್ರದ ಮೇಲೆ ಬಗ್ಗಿದ್ದರು. ಕತ್ತರಿಸಿದ ಬಟ್ಟೆಗಳ ನಡುವೆ ಜಾಗ ಮಾಡಿ ಮಾವ ಚಿತ್ರ ತೋರಿಸಿದರು, ದೀಪದ ಕಥೆ, ಅಚ್ಚಿನ ಕಥೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ದರ್ಜಿ ಹೊಲಿಗೆ ನಿಲ್ಲಿಸಿ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ ಹಾಕಿದರು.

“ಗೆರೆ ತಗ್ಗಾಗೇ ಇದ್ದಿದ್ರೆ?”

ಮಾವ ಲ್ಯಾಪ್‌ಟಾಪನ್ನು ಅರ್ಧ ಮುಚ್ಚಿದರು.

“ತಗ್ಗಾಗಿದ್ರೂ ನಾನು ಉಜ್ಜಿರ್ತಿರಲಿಲ್ಲ ಕಣಯ್ಯಾ. ನಿನ್ನ ಕೈಗೆ ಬರೋ ಮುಂಚೆ ಅದು ಎಷ್ಟು ಜನರ ಕೈ ದಾಟಿದೆಯೋ, ಯಾರೋ ಉಜ್ಜಿರ್ತಿದ್ರು. ಅದು ನಿನ್ನ ತಲೆಗೆ ಬರಲೇ ಇಲ್ಲ. ನಿನಗೆ ನೆನಪಾಗಿದ್ದು ನಾನೊಬ್ಬನೇ.”

“ತಪ್ಪಾಯ್ತು” ಎಂದರು ಮಾವ. ಈ ಮನೆಗೆ ಬಂದಾಗಿನಿಂದ ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

“ಸರಿ ಬಿಡು” ಎಂದರು ದರ್ಜಿ. “ಭಾನುವಾರ ಬರ್ತೀನಿ.”

ಬಂದರು. ಅಂದಿನಿಂದ ಒಂದು ಭಾನುವಾರವೂ ತಪ್ಪಿಸಿಲ್ಲ. ಅದೇ ಬೈದಾಟ, ಅದೇ ನಗು, ಊಟಕ್ಕೆ ಎಬ್ಬಿಸಲು ನನ್ನದು ಅದೇ ಕೂಗು. ಮಾವನವರ ಬೆಳಕೂ ಈಗ ಪಳಗಿದೆ. ಬಣ್ಣ ನೋಡಬೇಕಾದರೆ ಚೆಂಡಿನ ಟೋಪಿ, ಗೆರೆ ನೋಡಬೇಕಾದರೆ ಓರೆ ದೀಪ. ದೀಪ ಯಾವ ಬದಿಗಿದೆ ಎಂದು ನೋಡದೆ ಈಗ ಅವರು ಯಾವ ನಾಣ್ಯಕ್ಕೂ ಹೆಸರಿಡುವುದಿಲ್ಲ. ಹೊಸ ನಾಣ್ಯ ಸಿಕ್ಕಾಗಲೆಲ್ಲ ಅದನ್ನು ಮೊದಲು ದರ್ಜಿಯ ಕಡೆಗೇ ಚಾಚುತ್ತಾರೆ. ದರ್ಜಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನಗುಮುಖದಲ್ಲೇ ಹೇಳುತ್ತಾರೆ, “ನೀನೇ ಇಡಯ್ಯಾ, ನಾನು ಪರದೇಲಿ ನೋಡ್ತೀನಿ.” ಮಾವನವರ ಕೈ ಸ್ವಲ್ಪ ಹೊತ್ತು ಹಾಗೇ ಚಾಚಿರುತ್ತದೆ. ಆಮೇಲೆ ಅವರು ನಾಣ್ಯವನ್ನು ತಾವೇ ದೀಪದ ಪಕ್ಕಕ್ಕಿಡುತ್ತಾರೆ.