ಊದುಬತ್ತಿಯ ಮಣೆಗಳು

ಮುಳಬಾಗಿಲಿನಲ್ಲಿ ನನ್ನದೊಂದು ಗ್ರಂದಿಗೆ ಅಂಗಡಿ. ಅರಿಶಿನ, ಕುಂಕುಮ, ಕರ್ಪೂರ, ಊದುಬತ್ತಿ ಮಾರುತ್ತೇನೆ. ದೇವಸ್ಥಾನಕ್ಕೆ ಹೋಗುವವರೂ ನನ್ನ ಗಿರಾಕಿಗಳೇ, ದರ್ಗಾಕ್ಕೆ ಹೋಗುವವರೂ ನನ್ನ ಗಿರಾಕಿಗಳೇ. ಊದುಬತ್ತಿಯ ವಿಷಯದಲ್ಲಿ ಇಬ್ಬರ ಬುದ್ಧಿಯೂ ಒಂದೇ. ಹತ್ತು ರೂಪಾಯಿಯ ಪೊಟ್ಟಣ ಬೇಕು. ಹನ್ನೆರಡು ಎಂದು ಬಾಯಿ ಬಿಟ್ಟರೆ ಎದುರಂಗಡಿಗೆ ನಡೆದುಬಿಡುತ್ತಾರೆ.

ಇದು ಕಂಪನಿಗಳಿಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ದೆಹಲಿಯಲ್ಲಿ ಆಮದು ಸುಂಕ ಏರಿದಾಗ ನನ್ನ ಅಂಗಡಿಯಲ್ಲಿ ಬೆಲೆ ಏರುವುದಿಲ್ಲ. ಪೊಟ್ಟಣದೊಳಗೆ ಕಡ್ಡಿ ಕಡಿಮೆಯಾಗುತ್ತದೆ. ಸುಂಕ ಇಳಿದಾಗ ಕಡ್ಡಿ ಜಾಸ್ತಿಯಾಗಬೇಕಲ್ಲ ಎಂದು ನೀವು ಕೇಳಬಹುದು. ಆಗುತ್ತದೆ, ಸ್ವಲ್ಪ ನಿಧಾನವಾಗಿ. ಬೈಗುಳ ಮಾತ್ರ ತಡವಿಲ್ಲದೆ ನನಗೆ ಬರುತ್ತದೆ. "ಏನ್ ಸಾಮಿ, ಕಡ್ಡಿ ನೀವೇನಾರ ತಿಂತೀರಾ?" ಎಂದು ಒಬ್ಬ ಮುದುಕರು ಅಂಗಡಿ ತುಂಬ ಜನ ಇರುವಾಗಲೇ ಕೇಳಿದ್ದರು. ತಿಂದಿದ್ದರೆ ಇಷ್ಟು ಸಣ್ಣಗೆ ಇರುತ್ತಿರಲಿಲ್ಲ ಎಂದು ಹೇಳಿ ನಕ್ಕೆ. ಅವರು ನಗಲಿಲ್ಲ.

ನನ್ನ ಅಂಗಡಿಯ ಹಿಂದಿನ ಓಣಿಯಲ್ಲಿ ಒಬ್ಬ ಹೆಂಗಸಿದ್ದಾರೆ. ಅವರ ಮನೆಮಾತು ದಖ್ಖನಿ. ಓಣಿಯವರು, ಹಿಂದೂಗಳೂ ಸೇರಿ, ಅವರನ್ನು ಆಪಾ ಎನ್ನುತ್ತಾರೆ. ಅಕ್ಕ ಎಂದು ಅರ್ಥ. ಗಂಡ ಪಾತ್ರೆಗೆ ಕಲಾಯಿ ಹಾಕುವವರು. ಸ್ಟೀಲು ಬಂದ ಮೇಲೆ ಅವರು ಮಂಚ ಹಿಡಿದರು, ಆಪಾ ಊದುಬತ್ತಿ ಹಿಡಿದರು. ಬೆಂಗಳೂರಿನ ಕಂಪನಿಯ ಏಜೆಂಟು ವ್ಯಾನಿನಲ್ಲಿ ಇದ್ದಿಲ ಪುಡಿ, ಅಂಟಿನ ಪುಡಿ, ಬಿದಿರುಕಡ್ಡಿಯ ಕಟ್ಟುಗಳನ್ನು ಅವರ ಮನೆಗೆ ಇಳಿಸಿ ಹೋಗುತ್ತಿದ್ದ. ಊಟ ಮುಗಿಸಿದ ಓಣಿಯ ಹೆಂಗಸರು ಆಪಾರ ಉದ್ದ ಜಗಲಿಯಲ್ಲಿ ಸಾಲಾಗಿ ಕೂತು ಹೊಸೆಯುತ್ತಿದ್ದರು. ಒಬ್ಬೊಬ್ಬರ ಮುಂದೆ ಒಂದೊಂದು ಇಳಿಜಾರು ಮಣೆ. ಕಲಸಿದ ಕಪ್ಪು ಹಿಟ್ಟನ್ನು ಚಿಟಿಕೆ ತೆಗೆದುಕೊಂಡು, ಕಡ್ಡಿಯ ಮೇಲಿಟ್ಟು, ಅಂಗೈಯಲ್ಲಿ ಒಂದು ಸಲ ಮುಂದಕ್ಕೆ ಉಜ್ಜಿದರೆ ಬತ್ತಿ ಆಗಿಹೋಗುತ್ತಿತ್ತು. ಸುವಾಸನೆ ಹಾಕುವುದು ಬೆಂಗಳೂರಿನಲ್ಲಿ. ಇಲ್ಲಿ ಬರೀ ಮಸಿ.

ಆ ಜಗಲಿಯಲ್ಲಿ ತಮಾಷೆ ತೆಲುಗಿನಲ್ಲಿ ನಡೆಯುತ್ತಿತ್ತು, ಜಗಳ ದಖ್ಖನಿಯಲ್ಲಿ. ನನ್ನನ್ನು ಕಂಡರೆ ಮಾತ್ರ ಕನ್ನಡಕ್ಕೆ ತಿರುಗುತ್ತಿದ್ದರು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವರ ನಗು ನನ್ನ ಅಂಗಡಿಯ ಹಿಂಗೋಡೆಯನ್ನು ದಾಟಿ ಬರುತ್ತಿತ್ತು. ನನ್ನ ನಿದ್ದೆ ಹಾಳಾಗುತ್ತಿದ್ದುದರಿಂದ ನಾನು ಗೊಣಗುತ್ತಿದ್ದೆ. ದೇವರಾಯಸಮುದ್ರದಿಂದ ಈ ಓಣಿಗೆ ಸೊಸೆಯಾಗಿ ಬಂದ ಒಬ್ಬಾಕೆ ನನ್ನ ಗೊಣಗಾಟವನ್ನೇ ಅಣಕಿಸಿ ಎಲ್ಲರನ್ನೂ ಇನ್ನಷ್ಟು ನಗಿಸುತ್ತಿದ್ದಳು.

ಆಮೇಲೆ ಹೊಸೆದ ಬತ್ತಿಯೇ ಹಡಗಿನಲ್ಲಿ ಬರತೊಡಗಿತು. ಯಾವುದೋ ಒಪ್ಪಂದದಲ್ಲಿ ಸುಂಕ ಇಳಿದಿತ್ತಂತೆ. ಸಮುದ್ರದಾಚೆ ಮಿಷನ್ನಿನಲ್ಲಿ ಮಾಡಿದ ಬತ್ತಿ, ಹಡಗಿನ ಖರ್ಚು ಸೇರಿದರೂ, ಆಪಾರ ಜಗಲಿಯ ಬತ್ತಿಗಿಂತ ಅಗ್ಗವಾಗಿ ಬೆಂಗಳೂರು ಮುಟ್ಟುತ್ತಿತ್ತು. ಕಂಪನಿಯವರಿಗೆ ಅದನ್ನು ಸೆಂಟಿನಲ್ಲಿ ಅದ್ದಿ ಪೊಟ್ಟಣಕ್ಕೆ ತುಂಬುವುದಷ್ಟೇ ಕೆಲಸ. ಆ ದಿನಗಳಲ್ಲಿ ನನಗೆ ಸುಖವಾಗಿತ್ತು, ಅದನ್ನು ಮುಚ್ಚಿಡುವುದೇಕೆ. ಪೊಟ್ಟಣ ದಪ್ಪಗಾಯಿತು, ಬತ್ತಿಗಳೆಲ್ಲ ಒಂದೇ ಅಳತೆಗೆ ಬಂದವು, ಗಿರಾಕಿಗಳು ಬಾಯಿ ಮುಚ್ಚಿದರು. ಹಿಂಗೋಡೆಯ ಆಚೆಯ ನಗುವೂ ನಿಂತಿತು.

ಏಜೆಂಟಿನ ವ್ಯಾನು ಓಣಿಗೆ ಬರುವುದನ್ನು ಬಿಟ್ಟ ಮೇಲೆ ಆಪಾ ಒಂದು ಬೆಳಿಗ್ಗೆ ಏಳೂ ಮಣೆಗಳನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ನನ್ನ ಅಂಗಡಿಗೆ ಬಂದರು. ಹಳೆಯ ಹಲಸಿನ ಮರದ ಮಣೆಗಳು. ಅಂಗೈ ಉಜ್ಜಿ ಉಜ್ಜಿ ಕಲ್ಲಿನಷ್ಟು ನುಣುಪಾಗಿದ್ದವು. ನನಗೂ ಗೋಡೆಗೆ ಹಲಗೆ ಬೇಕಿತ್ತು. ಕೊಂಡೆ.

"ಮೊಳೆ ಸಣ್ದು ಹೊಡೀರಿ ಅಣ್ಣಾ," ಎಂದರು ಆಪಾ. "ನಾಳೆ ಕೆಲ್ಸ ಬಂದ್ರೆ ವಾಪಸ್ ಕೇಳ್ತೀನಿ. ಕೀಳುವಾಗ ಮಣೆ ಸೀಳ್ಬಾರ್ದು."

ನಾನು ಮಣೆಗಳ ಕಾಲು ಕಿತ್ತು, ಬಚ್ಚಲ ಒಲೆಗೆ ಹಾಕಿ, ಹಲಗೆಗಳನ್ನು ಸಣ್ಣ ಮೊಳೆಯಲ್ಲೇ ಗೋಡೆಯ ಪಟ್ಟಿಗಳಿಗೆ ಹೊಡೆದೆ. ಭಾರ ಹೆಚ್ಚಾದರೆ ಅಲ್ಲಾಡುತ್ತಿದ್ದವು. ಹಾಗಾಗಿ ಅವುಗಳ ಮೇಲೆ ಊದುಬತ್ತಿಯ ಪೊಟ್ಟಣಗಳನ್ನೇ ಇಟ್ಟೆ. ಸಮುದ್ರದಾಚೆಯ ಬತ್ತಿ ಅಲ್ಲಿಂದ ಮಾರಾಟವಾಗುತ್ತಿತ್ತು. ಆಪಾ ಸಾಮಾನು ಕೊಳ್ಳಲು ಬಂದಾಗೆಲ್ಲ ಒಂದು ಹಲಗೆಯನ್ನು ಬೆರಳಲ್ಲಿ ಅಲ್ಲಾಡಿಸಿ ನೋಡುತ್ತಿದ್ದರು. ಸಡಿಲವಾಗಿದ್ದರೆ ಅವರಿಗೆ ಸಮಾಧಾನ.

ಕೆಲವು ವರ್ಷಗಳ ನಂತರ ಸರ್ಕಾರ ಹೊರಗಿನ ಬತ್ತಿಗೆ ತಡೆ ಹಾಕಿತು. ನಮ್ಮ ದೇಶದಲ್ಲೇ ಹೊಸೆಯಲಿ ಎಂಬುದು ಉದ್ದೇಶ. ನನ್ನ ಪೊಟ್ಟಣ ಮತ್ತೆ ತೆಳ್ಳಗಾಯಿತು. ಮುದುಕರು ಮತ್ತೆ ನನ್ನ ಊಟದ ಬಗ್ಗೆ ವಿಚಾರಿಸಿದರು. ಆಪಾ ಮಾತ್ರ ಸೆರಗು ಸರಿಮಾಡಿಕೊಳ್ಳುತ್ತಾ ಓಡಿ ಬಂದರು. "ಏಜೆಂಟ್ ಫೋನ್ ಮಾಡಿದ್ದ ಅಣ್ಣಾ! ಕೆಲ್ಸ ಬಂತು. ಎಲ್ರಿಗೂ ಹೇಳಿ ಬಂದಿದ್ದೀನಿ. ಜಗ್ಲಿ ತೊಳೆದು ಆಯ್ತು." ಹಲಗೆಗಳ ಕಡೆ ಕೈ ತೋರಿಸಿ, "ಮೊಳೆ ಕೀಳಿ," ಎಂದರು.

ಕೀಳುವಷ್ಟರಲ್ಲಿ ಏಜೆಂಟು ಬಂದ, ಮಿಷನ್ನು ತಂದ. ತಡೆ ಬಿದ್ದದ್ದು ಬತ್ತಿಗೇ ಹೊರತು ಬತ್ತಿ ಮಾಡುವ ಯಂತ್ರಕ್ಕಲ್ಲ. ಅದನ್ನು ಜಗಲಿಯಲ್ಲಿ ಕೂರಿಸಿ, ಒಬ್ಬರು ಕೂತು ಕಡ್ಡಿ ತುಂಬುತ್ತಿದ್ದರೆ ಸಾಕು ಎಂದ. ಆರು ಜನರನ್ನು ಕರೆದಿದ್ದ ಆಪಾ ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಕಳಿಸುವುದು? ಯಾರನ್ನೂ ಕಳಿಸಲಿಲ್ಲ. ತಮ್ಮನ್ನೂ ಸೇರಿಸಿಕೊಂಡು ಪಾಳಿ ಮಾಡಿದರು: ದಿನಕ್ಕೆ ಒಬ್ಬರು. ತನ್ನ ಪಾಳಿ ಬಂದ ದಿನ ಒಬ್ಬಾಕೆ ಮಿಷನ್ನಿನ ಮುಂದೆ ಕೂತರೆ ಉಳಿದವರೂ ಹಳೆಯ ರೂಢಿಯಂತೆ ಬಂದು ಅಕ್ಕಿ ಆರಿಸುತ್ತಾ ಪಕ್ಕದಲ್ಲಿ ಕೂತರು. ಆದರೆ ಆ ಟಕಟಕ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಮೊದಲು ಇಬ್ಬರು ಬರುವುದನ್ನು ಬಿಟ್ಟರು. ಆಮೇಲೆ ಹೆಂಗಸರನ್ನು ಕೆಲಸಕ್ಕೆ ಕರೆದೊಯ್ಯಲು ನರಸಾಪುರದ ಕಾರ್ಖಾನೆಯ ವ್ಯಾನು ನಮ್ಮ ರಸ್ತೆಯ ತಿರುವಿನಲ್ಲೇ ನಿಲ್ಲತೊಡಗಿತು. ವಾರಕ್ಕೊಂದು ದಿನದ ಕೂಲಿಗೆ ಯಾರು ಕಾಯುತ್ತಾರೆ? ದೇವರಾಯಸಮುದ್ರದವಳು ಎಲ್ಲರಿಗಿಂತ ಮೊದಲು ವ್ಯಾನು ಹತ್ತಿದಳು. ಒಬ್ಬಾಕೆ ಮಾಲೂರಿನ ಕಡೆ ಕೆಲಸ ಹುಡುಕಿಕೊಂಡು ಲಕ್ಕೂರಿನ ತಂಗಿಯ ಮನೆಗೇ ಹೋಗಿಬಿಟ್ಟಳು. ಕೊನೆಗೆ ಎಲ್ಲರ ಪಾಳಿಯೂ ಆಪಾರದ್ದೇ ಆಯಿತು.

ಅದೂ ಬಹಳ ದಿನ ನಡೆಯಲಿಲ್ಲ. ಸರ್ಕಾರ ಬಿದಿರುಕಡ್ಡಿಯ ಆಮದು ಸುಂಕವನ್ನೂ ಏರಿಸಿತು. ಮಿಷನ್ನು ಮಾತ್ರ ಸಾಹುಕಾರನ ಮಗನಿದ್ದಂತೆ. ಹೊರದೇಶದ ಗುಂಡನೆಯ ಕಡ್ಡಿಯನ್ನಷ್ಟೇ ಮುಟ್ಟುತ್ತದೆ. ನಮ್ಮ ಕಡೆ ಕೈಯಲ್ಲಿ ಸೀಳಿದ ಕಡ್ಡಿ ಹಾಕಿದರೆ ಕಚ್ಚಿಕೊಂಡು ನಿಲ್ಲುತ್ತದೆ. ಕಡ್ಡಿಯ ಬೆಲೆ ಏಜೆಂಟಿಗೆ ಗಿಟ್ಟಲಿಲ್ಲ. ಅವನು ಮಿಷನ್ನನ್ನು ಎತ್ತಿಸಿಕೊಂಡು ಹೋದ. ಈ ಸುಂಕದಿಂದ ಬಿದಿರು ಬೆಳೆಯುವ ಸೀಮೆಯಲ್ಲಿ ಯಾರದೋ ಜಗಲಿ ತುಂಬಿರಬಹುದು. ಒಳ್ಳೆಯದೇ. ನಾನು ಅದನ್ನು ನೋಡಿಲ್ಲ, ನೋಡಿದ್ದು ಈ ಓಣಿಯನ್ನು.

ಹೋಗುವಾಗ ಏಜೆಂಟು ಒಂದು ಮಾತು ಹೇಳಿ ಹೋದ. ಸೊಟ್ಟ ಕಡ್ಡಿಯನ್ನು ಮಿಷನ್ನು ಒಲ್ಲದಿದ್ದರೂ ಕೈ ಒಲ್ಲೆ ಎನ್ನುವುದಿಲ್ಲವಲ್ಲ. ಕೈಯಲ್ಲಿ ಹೊಸೆದ ಬತ್ತಿಗೆ ಈಗ ದೊಡ್ಡ ಊರುಗಳಲ್ಲಿ ಬೇರೆಯೇ ಬೆಲೆ ಇದೆ, ಜನ ಸೇರಿಸಿದರೆ ಹಿಂದಿನಂತೆ ಮಾಲು ಇಳಿಸುತ್ತೇನೆ ಎಂದ.

ಆಪಾ ಆ ಸಂಜೆಯೇ ಬಂದರು. ಈ ಸಲ ಓಡಿ ಬರಲಿಲ್ಲ, ಆದರೆ ಮುಖ ಅರಳಿತ್ತು. "ಈಗ ಮಣೆನೇ ಬೇಕು ಅಣ್ಣಾ. ಮಿಷನ್ ಗಿಷನ್ ಇಲ್ಲ. ಏಳೂ ಬೇಕು. ನಾಳೆ ಬೆಳಿಗ್ಗೆ ಬರ್ತೀನಿ."

"ಕಾಲು ಒಲೆಗೆ ಹಾಕಿದ್ದೀನಲ್ಲ ಆಪಾ," ಎಂದೆ.

"ಇಟ್ಟಿಗೆ ಕೊಡ್ತೀನಿ ಕೆಳಗೆ. ಜನ ಕೂತ್ಕೊಳ್ಳೋದು ಮುಖ್ಯ, ಮಣೆ ಎಲ್ಲಾದ್ರೂ ಕೂತ್ಕೊಳ್ತದೆ."

ಅವರು ಅಂಗಡಿಯಿಂದ ಇಳಿದು ಸೀದಾ ಹಳೆಯ ಜೊತೆಗಾತಿಯರ ಮನೆಗಳ ಕಡೆ ನಡೆದರು. ಅವರಿಗೆ ಬೇಕಿದ್ದದ್ದು ಒಂದೇ: ಆ ಜಗಲಿ ಮತ್ತೆ ತುಂಬಬೇಕು. ನಾನು ಬಾಗಿಲು ಹಾಕುವ ಮುಂಚೆ ಪೊಟ್ಟಣಗಳನ್ನು ಕೆಳಗಿಳಿಸಿ, ಹಲಗೆಗಳನ್ನು ಒಂದೊಂದಾಗಿ ಕಿತ್ತೆ. ಸಣ್ಣ ಮೊಳೆ, ಸಲೀಸಾಗಿ ಬಂದವು. ಒಂದೂ ಸೀಳಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಹಲಸಿನ ಹಳದಿ ಮೇಲೆದ್ದಿತು. ನನ್ನ ಗೋಡೆ ಬೋಳಾದರೂ ಮನಸ್ಸಿಗೆ ಖುಷಿಯಾಗಿತ್ತು. ಮಧ್ಯಾಹ್ನದ ನಿದ್ದೆ ಹಾಳಾಗಲಿ ಎಂದುಕೊಂಡೆ.

ಬೆಳಿಗ್ಗೆ ಆಪಾ ಬಂದಾಗ ತಳ್ಳುಗಾಡಿ ಇರಲಿಲ್ಲ. ಬಾಗಿಲಿಗೆ ಒರಗಿಸಿದ್ದ ಮಣೆಗಳ ಮುಂದೆ ಬಂದು ನಿಂತರು.

"ಯಾರು ಯಾರು ಬರ್ತಾರಂತೆ?" ಎಂದು ಕೇಳಿದೆ.

"ಒಬ್ಬಳಿಗೆ ಭುಜ ನೋವು. ಇಬ್ರಿಗೆ ರಾತ್ರಿ ಶಿಫ್ಟು, ಹಗಲು ಮಲಗ್ತಾರೆ." ದೇವರಾಯಸಮುದ್ರದವಳ ಮಾತು ಬಂದಾಗ ಆಪಾ ನಕ್ಕರು. "ಅವ್ಳು ಏನಂದ್ಳು ಗೊತ್ತಾ? 'ಅಬ್ಬೋ, ಆ ಮಸಿ ಚೇತುಲು ಮಳ್ಳೀನಾ ಆಪಾ! ಪಿ.ಎಫ್. ಇದೆ ಈಗ ನಂಗೆ' ಅಂದ್ಳು. ಉಗುರಿಗೆ ಬಣ್ಣ ಹಾಕಿದ್ದಾಳೆ ಅಣ್ಣಾ. ಚೆನ್ನಾಗಿದೆ, ಕೆಂಪು ಬಣ್ಣ. ನಾನೇನ್ ಹೇಳ್ಲಿ?"

ಮಸಿಯ ಕೈ ಮತ್ತೊಮ್ಮೆ ಬೇಡ ಎಂದ ಆ ಹೆಣ್ಣುಮಗಳು ತಪ್ಪು ಮಾಡಿದಳೆಂದು ನನಗೂ ಅನ್ನಿಸಲಿಲ್ಲ. ಏನಾದರೂ ಹೇಳಬೇಕೆಂದು, ಮಾಲು ಬೇಡವೆಂದು ಏಜೆಂಟಿಗೆ ಫೋನು ಮಾಡಿದಿರಾ ಎಂದು ಕೇಳಿದೆ.

"ಬೇಡ ಅಂತ ಯಾಕೆ? ಒಬ್ಳಿಗೆ ಆಗುವಷ್ಟು ಇಳಿಸು ಅಂದೆ."

ಆಪಾ ಮಣೆಗಳ ಮೇಲೆ ಒಂದೊಂದಾಗಿ ಅಂಗೈ ಇಟ್ಟು ನೋಡಿದರು. ತಮ್ಮದು ಯಾವುದೆಂದು ಕೈಗೆ ತಿಳಿದಿರಬೇಕು. ಅದನ್ನು ಮಾತ್ರ ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಮೆಟ್ಟಿಲಿಳಿದು ಎರಡು ಹೆಜ್ಜೆ ಹೋದವರು ತಿರುಗಿ ನಿಂತರು.

"ಬಾಕಿದು ಗೋಡೆಗೇ ಹೊಡ್ಕೊಳ್ಳಿ ಅಣ್ಣಾ," ಎಂದರು. "ಈ ಸಾರಿ ದೊಡ್ಡ ಮೊಳೆ ಹಾಕಿ."

ದೊಡ್ಡ ಮೊಳೆ ನನ್ನ ಹತ್ತಿರ ಇರಲಿಲ್ಲ. ಮಧ್ಯಾಹ್ನ ಅಂಗಡಿ ಬಾಗಿಲು ಎಳೆದುಕೊಂಡು, ಬಸ್‌ಸ್ಟ್ಯಾಂಡಿನ ಹತ್ತಿರ ಹೋಗಿ ತಂದೆ.