ಮೂರನೇ ಹಾಡಿನ ಭಕ್ತರು

ಮದ್ದೂರಿನ ಕೆಂಪರಾಜು ಮೇಷ್ಟ್ರ ಎದುರು ಕೂತವರು ‘ಕೆಸರ ಪದ’ ಆಲ್ಬಮ್ ಕೇಳದೆ ಏಳುವಂತಿಲ್ಲ. ಗದ್ದೆ ನಾಟಿಯ ಹಾಡುಗಳಿಗೆ ಗಿಟಾರ್ ಸೇರಿಸಿದ ಆ ಆಲ್ಬಮನ್ನು ಟೀ ಅಂಗಡಿಯಲ್ಲಿ, ಮಳವಳ್ಳಿ ಬಸ್ಸಿನಲ್ಲಿ, ಒಮ್ಮೆ ಸಾವಿನ ಮನೆಯಲ್ಲೂ ಅವರು ಕೇಳಿಸಿದ್ದಾರೆ. ಮೂರನೇ ಹಾಡಿನ ನಡುವೆ ದನಿ ನಿಂತಾಗ ಬೆರಳೆತ್ತಿ, ‘ಸುಮ್ಕಿರ್ಲಾ, ಇದ್ರ ಜೀವ ಇರೋದೇ ಈ ಮೌನದಲ್ಲಿ ಕಣ್ಲಾ’ ಅನ್ನುತ್ತಾರೆ. ಆ ಹಾಡು ಹಾಡಿದ ಚಿಕ್ಕಬೋರಮ್ಮನನ್ನು ಹುಡುಕಿಕೊಂಡು ಕಳೆದ ವರ್ಷ ಆತಗೂರಿಗೂ ಹೋಗಿ, ಆ ಮೌನವನ್ನು ಹೊಗಳಿದರು. ‘ಅದು ಅಂಗಲ್ಲ ಕಣಪ್ಪ, ಪದ ಮರ್ತೋಗಿ ನಿಂತ್ಬುಟ್ಟೆ. ಇನ್ನೊಂದ್ಸಲ ಆಡ್ತೀನಿ ಅಂದ್ರೂ ರೆಕಾರ್ಡ್ ಮಾಡೋರು ಬುಡ್ನಿಲ್ಲ. ಊರೋರೆಲ್ಲ ಆಡ್ಕಂಡು ನಗ್ತಾರೆ. ಈಗ ನೆಪ್ಪದೆ, ಪೂರ್ತಿ ಆಡ್ಲಾ?’ ಎಂದು ಆಕೆ ಕೇಳಿದರಂತೆ. ‘ಬ್ಯಾಡ ಕಣವ್ವ, ಅದು ಅಂಗೇ ಚೆನ್ನಾಗದೆ’ ಎಂದು ಎದ್ದು ಬಂದದ್ದನ್ನು ಹೇಳುವಾಗ ಮೇಷ್ಟ್ರು ನಮ್ಮ ಮುಖ ನೋಡುವುದಿಲ್ಲ.