ನೀರು ಕುಡಿಯದ ಅಕ್ಕ

ಅಕ್ಕನ ತುಟಿ ವರ್ಷವಿಡೀ ಒಡೆದಿರುತ್ತಿತ್ತು. ಮಾತಾಡುವಾಗ ಬಿರುಕಿನಲ್ಲಿ ರಕ್ತ ಜಿನುಗಿದರೆ ಸೆರಗಿನ ತುದಿಯಿಂದ ಒತ್ತಿಕೊಂಡು ಮಾತು ಮುಂದುವರಿಸುತ್ತಿದ್ದರು. ವಿಜಯವಾಡದ ಬಿಸಿಲು ಯಾರನ್ನು ಬಿಟ್ಟೀತು ಎಂದುಕೊಂಡಿದ್ದೆ. ಎಂಬತ್ತರ ದಶಕದ ನಡುವಿನ ಮಾತು. ತುಮಕೂರಿನಿಂದ ಗವರ್ನರ್‌ಪೇಟೆಯ ಬ್ಯಾಂಕಿಗೆ ಕ್ಲರ್ಕಾಗಿ ಬಂದ ನನಗೆ ಪಕ್ಕದ ಕುರ್ಚಿಯ ಈ ಧಾರವಾಡದ ಹೆಂಗಸು ಮೊದಲ ದಿನವೇ ಅಕ್ಕ ಆಗಿಬಿಟ್ಟರು.

ನನ್ನ ನೀರಿನ ಬಾಟಲಿ ನೋಡಿ ಮೆಲ್ಲಗೆ ಹೇಳಿದರು: "ತಂಗೀ, ಒಂದು ಗುಟುಕು ಸಾಕು. ಇಲ್ಲಿ ಹೆಣ್ಮಕ್ಕಳಿಗೆ ಹೋಗಾಕ ಜಾಗಾ ಇಲ್ಲ."

ಇದ್ದದ್ದು ಒಂದೇ ಕಕ್ಕಸು. ಅದರ ಮುಂದೆ ಗಂಡಸರು ಸಿಗರೇಟು ಸೇದುತ್ತ ನಿಂತಿರುತ್ತಿದ್ದರು; ಬಾಗಿಲಿಗೆ ಚಿಲಕವೂ ಇರಲಿಲ್ಲ. ನಾವು ಹೆಂಗಸರು ಸಂಜೆಯವರೆಗೆ ಕಟ್ಟಿಕೊಂಡು ಕೂರಬೇಕು. ಗಂಡು ಹೆಣ್ಣು ಸಮ ಎಂದು ಭಾಷಣ ಬಿಗಿಯುವ ಮಹಾನುಭಾವರ ಕಣ್ಣಿಗೆ ಇದು ಬೀಳಲೇ ಇಲ್ಲ. ಅಕ್ಕ ಹೋಗಿ ಕೇಳಿದಾಗಲೆಲ್ಲ ಮ್ಯಾನೇಜರು ನಯವಾಗಿ "ಸರ್ದುಕೋಂಡಮ್ಮಾ" ಎನ್ನುತ್ತಿದ್ದರು, ಹೊಂದಿಕೊಂಡು ಹೋಗಿ ಎಂದು. ಯೂನಿಯನ್ನಿನವರು ಮೊದಲು ಸಂಬಳದ ಮಾತುಕತೆ ಮುಗಿಯಲಿ ಎಂದರು. ಅದು ಮುಗಿದ ಮೇಲೆ ಬೋನಸ್ಸಿನದು ಬಂತು.

ಒಮ್ಮೆ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ಮೈಸೂರು ಕಡೆಯವರು. ಎಲ್ಲರನ್ನೂ ಕೂರಿಸಿಕೊಂಡು, ಏನಾದರೂ ತೊಂದರೆ ಇದೆಯೇ ಎಂದು ಕೇಳಿದರು. ಅಕ್ಕ ಎದ್ದು ನಿಂತರು.

"ಐತ್ರಿ. ನಾವು ಹೆಣ್ಮಕ್ಕಳು ಸಂಜೀತನಕ ಉಚ್ಚಿ ಕಟಗೊಂಡು ಕೆಲಸಾ ಮಾಡ್ತೀವಿ. ನಮಗೊಂದು ಪಾಯಖಾನಿ ಕಟ್ಟಸ್ರಿ."

ಸಾಹೇಬರು ಮುಖ ತಿರುಗಿಸಿದರು. "ಗಂಡಸರ ಮುಂದೆ ಹೀಗೆಲ್ಲ ಮಾತಾಡೋಕೆ ನಾಚಿಕೆ ಆಗಲ್ವೇನಮ್ಮ?"

"ಆಗತೈತ್ರಿ. ಅದಕ್ಕ ಇಷ್ಟು ದಿನಾ ಮ್ಯಾನೇಜರ್ ಸಾಹೇಬ್ರ ಹತ್ರ ಗುಟ್ಟಾಗಿ ಕೇಳಿದೆ."

ಕೆಲವೇ ದಿನಗಳಲ್ಲಿ ಅವರನ್ನು ವಿಶಾಖಪಟ್ಟಣದ ಗಾಜುವಾಕಕ್ಕೆ ಎತ್ತಿಹಾಕಿದರು. ಗಂಡ, ಶಾಲೆಗೆ ಹೋಗುವ ಮಗಳು ವಿಜಯವಾಡದಲ್ಲೇ ಉಳಿದರು. ಇದು ಶಿಕ್ಷೆ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಮೊದಲ ಸಲ ರಜೆಯಲ್ಲಿ ಬಂದಾಗ ಅಕ್ಕ, "ಅಲ್ಲೂ ಅದೇ ಕಥಿ, ತಂಗೀ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ತೊಂಬತ್ತರ ದಶಕ ಶುರುವಾದ ಮೇಲೆ, ಅಂತೂ ಗವರ್ನರ್‌ಪೇಟೆಯಲ್ಲಿ ನಮಗೆ ಬೇರೆ ಕಕ್ಕಸು ಕಟ್ಟಿದರು. ಕಟ್ಟಿ, ಬೀಗ ಹಾಕಿ, ಕೀಲಿಯನ್ನು ಮ್ಯಾನೇಜರ ಡ್ರಾಯರಿನಲ್ಲಿಟ್ಟರು. ಹೋಗಬೇಕಾದಾಗಲೆಲ್ಲ ಅವರ ಮುಂದೆ ಕೈಚಾಚಿ ನಿಲ್ಲಬೇಕು. ಯಾರಿಗೆ ಬೇಕು ಆ ಮರ್ಯಾದೆಗೇಡು? ನಾವು ಹಿಂದಿನಂತೆಯೇ ಬಾಯಾರಿ ಕೂತೆವು.

ಅಷ್ಟರಲ್ಲಿ ಅಕ್ಕನ ಕಿಡ್ನಿ ಕೈಕೊಟ್ಟಿತ್ತು. ವರ್ಷಗಟ್ಟಲೆ ಕಲ್ಲು, ಸೋಂಕು ಎಂದು ನರಳಿ ವಿಜಯವಾಡದ ಆಸ್ಪತ್ರೆ ಸೇರಿದರು. ನೋಡಲು ಹೋದೆ. ಮುಖ, ಕಾಲು ಊದಿಕೊಂಡಿದ್ದವು. ಈಗ ಡಾಕ್ಟರೇ ನೀರು ಕುಡಿಯಬೇಡಿ ಎಂದಿದ್ದರು. ಮಗಳು ಹತ್ತಿ ಒದ್ದೆ ಮಾಡಿ ಬಾಯಿಗೆ ಸವರುತ್ತಿದ್ದಳು.

"ಪಾಯಖಾನಿ ಕಟ್ಟಿಸ್ಯಾರಂತಲ್ಲ? ಚಲೋ ಐತೇನು?"

"ಚೆನ್ನಾಗಿದೆ ಅಕ್ಕ."

"ಕೀಲಿ ಯಾರ ಹತ್ರ ಐತಿ?"

ಅವರಿಗೆ ಆ ಬ್ಯಾಂಕು ಅಷ್ಟು ಚೆನ್ನಾಗಿ ಗೊತ್ತಿತ್ತು. "ನಮ್ಮ ಹತ್ರಾನೇ ಇದೆ ಅಕ್ಕ" ಎಂದುಬಿಟ್ಟೆ.

ಅಕ್ಕ ಕಣ್ಣು ಮುಚ್ಚಿದರು. "ಹಂಗಾದ್ರ ಹೊಟ್ಟಿ ತುಂಬ ನೀರು ಕುಡೀರಿ" ಎಂದರು.

ಮರುದಿನ ಬೆಳಿಗ್ಗೆ ಅವರು ತೀರಿಕೊಂಡ ಸುದ್ದಿ ಬಂತು. ಅವರ ಮನೆಗೆ ಹೋಗುವ ಮೊದಲು ನಾನು ಬ್ಯಾಂಕಿಗೆ ಹೋದೆ. ಮ್ಯಾನೇಜರು ನೋಡುತ್ತಿದ್ದಂತೆಯೇ ಡ್ರಾಯರು ಎಳೆದು ಕೀಲಿ ತೆಗೆದುಕೊಂಡೆ. "ಏಂಟಮ್ಮಾ ಇದಿ?" ಎಂದು ಗದರಿದರು. ಇದು ನಮ್ಮದು, ಇನ್ನು ಮೇಲೆ ನಮ್ಮ ಹತ್ತಿರವೇ ಇರುತ್ತದೆ ಎಂದು ತೆಲುಗಿನಲ್ಲೇ ಹೇಳಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅಕ್ಕನಿಗೆ ಹೇಳಿದ ಸುಳ್ಳು ನಿಜವಾಗುವಷ್ಟರಲ್ಲಿ ಅಕ್ಕನೇ ಇರಲಿಲ್ಲ.